ಚೀರುತ್ತಿರುವುದು ಪಿಕಪ್ಪೇ? ಮೇಣ ಕಾಯಿಸುವ ಮುನ್ನ ನೋಡಬೇಕಾದ್ದು

ಲಕ್ಷಣ ಹೀಗಿರುತ್ತದೆ. ಎಲೆಕ್ಟ್ರಿಕ್ ಗಿಟಾರನ್ನು ಗೇನ್ (ಆಂಪ್ ಸಂಕೇತವನ್ನು ಹಿಗ್ಗಿಸುವ ಮಟ್ಟ) ಏರಿಸಿಕೊಂಡು ನುಡಿಸುತ್ತಿದ್ದೀರಿ. ಎರಡು ಸಾಲುಗಳ ನಡುವೆ ಬಿಡುವು ಸಿಕ್ಕಿದೆ, ಎರಡೂ ಅಂಗೈಗಳನ್ನು ತಂತಿಗಳ ಮೇಲೆ ಒತ್ತಿ ಹಿಡಿದಿದ್ದೀರಿ. ಆರು ತಂತಿಗಳಲ್ಲಿ ಒಂದೂ ಮಿಸುಕುತ್ತಿಲ್ಲ. ಆದರೂ ಆಂಪ್‌ನಿಂದ ಸೂಜಿಯಂಥ ಚೀರುದನಿಯೊಂದು ಎದ್ದು, ನೀವು ವಾಲ್ಯೂಮ್ ತಿರುಗಿಸುವ ತನಕ ನಿಲ್ಲುವುದೇ ಇಲ್ಲ.

ಇಂಥ ಗಿಟಾರುಗಳು ನನ್ನ ಮೇಜಿಗೆ ಬರುವಾಗ ಮದ್ದಿನ ಚೀಟಿಯನ್ನೂ ಹಿಡಿದುಕೊಂಡೇ ಬರುತ್ತವೆ. "ಈ ಪಿಕಪ್ಪಿಗೆ ಮೇಣ ಹಾಕಿಲ್ಲ, ಹಾಕಿಕೊಡಿ." ಪಿಕಪ್ಪೆಂದರೆ ತಂತಿಗಳ ಕೆಳಗೆ ಕುಳಿತು ಅವುಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಅದನ್ನು ಕರಗಿದ ಮೇಣದಲ್ಲಿ ಅದ್ದಿ ಸುರುಳಿ ಅಲುಗದಂತೆ ಮಾಡುವುದೇ ಮೇಣ ಹಾಕುವುದು. ಹಾಕಿಕೊಡಬಹುದು. ಆದರೆ ಚೀರುವುದೆಲ್ಲ ಪಿಕಪ್ಪಲ್ಲ, ಪಿಕಪ್ಪು ಚೀರಿದರೂ ಒಳಗಿನ ಸುರುಳಿಯದೇ ತಪ್ಪೆಂದು ಹೇಳಲಾಗದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗಬಾರದೆಂದರೆ, ಮೊದಲು ಯಾವ ಭಾಗ ಕಂಪಿಸುತ್ತಿದೆ ಎಂದು ಹಿಡಿಯಬೇಕು. ಮೇಣದ ಮಾತು ಆಮೇಲೆ. ಒಮ್ಮೆ ಒಳಗೆ ಹೋದ ಮೇಣ ಪೂರ್ತಿಯಾಗಿ ಹೊರಗೆ ಬರುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಮುಂದೆ ಓದಿ.

ಸದ್ದಿನ ಗುರುತು

ಸ್ಪೀಕರಿನ ಸದ್ದು ಮರಳಿ ತಂತಿಯನ್ನೇ ಕಂಪಿಸಿ ಎಬ್ಬಿಸುವ ದನಿ, ಅಂದರೆ ತಂತಿಯ ಫೀಡ್‌ಬ್ಯಾಕ್, ಒಂದು ಸ್ವರ. ನೀವು ಹಿಡಿದ ಸ್ವರವೋ ಅದರ ಮೇಲಿನ ಹಾರ್ಮೋನಿಕ್ಕೋ ನಿಧಾನವಾಗಿ ಉಬ್ಬಿಕೊಂಡು ಬರುತ್ತದೆ. ಬೆರಳು ಒಂದು ಫ್ರೆಟ್ ಸರಿದರೆ ಅದೂ ಸರಿಯುತ್ತದೆ, ಅಂಗೈ ಇಟ್ಟರೆ ಅಡಗುತ್ತದೆ. ಇದು ದೋಷವೇ ಅಲ್ಲ. ಇದನ್ನು ಹುಡುಕಿಕೊಂಡು ಆಂಪ್‌ನ ಮುಂದೆ ಹೋಗಿ ನಿಲ್ಲುವವರಿದ್ದಾರೆ.

ಪಿಕಪ್ಪಿನ ಚೀರಾಟದ ರೀತಿ ಬೇರೆ. ಅದು ಉಬ್ಬಿ ಬರುವುದಿಲ್ಲ, ತಟ್ಟನೆ ಏಳುತ್ತದೆ. ಸ್ಥಾಯಿ ಬಲು ಎತ್ತರ, ಸಾಮಾನ್ಯವಾಗಿ ಸಾವಿರ ಹರ್ಟ್ಸ್‌ಗಿಂತ ಮೇಲೆ. ಎಡಗೈ ಯಾವ ಫ್ರೆಟ್ಟಿನಲ್ಲಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ತಂತಿಗಳನ್ನು ಪೂರ್ತಿ ಅದುಮಿದರೂ ನಿಲ್ಲದಿದ್ದರೆ ಅನುಮಾನ ಈ ಕಡೆಗೆ ತಿರುಗಬೇಕು.

ಈಗ ಗಿಟಾರಿನ ವಾಲ್ಯೂಮ್ ನಾಬನ್ನು ಸೊನ್ನೆಗೆ ತನ್ನಿ. ಸಾಮಾನ್ಯ ವೈರಿಂಗ್ ಇರುವ ಗಿಟಾರಿನಲ್ಲಿ ಹೀಗೆ ಮಾಡಿದಾಗ ಹೊರಹೋಗುವ ಸಂಕೇತ ನೇರವಾಗಿ ಗ್ರೌಂಡಿಗೆ ಸೇರುತ್ತದೆ. ಆಗಲೂ ಚೀರುತ್ತಿದ್ದರೆ ಪಿಕಪ್ ನಿರಪರಾಧಿ. ಪೆಡಲುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ವಾಲ್ವ್ ಆಂಪ್ ಆಗಿದ್ದರೆ ಮೊದಲ ಹಂತದ ವಾಲ್ವನ್ನು (ಹೆಚ್ಚಾಗಿ ಅದು 12ಎಎಕ್ಸ್7 ಆಗಿರುತ್ತದೆ) ಮರದ ಪೆನ್ಸಿಲ್ಲಿನಿಂದ ಮೆಲ್ಲಗೆ ತಟ್ಟಿ. ಒಳಗಿನ ಭಾಗಗಳು ಸಡಿಲಗೊಂಡ ವಾಲ್ವ್ ತಟ್ಟಿದೊಡನೆ ಸ್ಪೀಕರಿನಲ್ಲಿ 'ಟಿಂಗ್' ಎನ್ನುತ್ತದೆ. ಸ್ಪೀಕರ್ ಮತ್ತು ವಾಲ್ವ್ ಒಂದೇ ಪೆಟ್ಟಿಗೆಯೊಳಗಿರುವ ಆಂಪ್‌ಗಳಲ್ಲಿ ಈ ಕಾಯಿಲೆ ಹೆಚ್ಚು. ಹಿಂಬದಿಯಿಂದ ಕೈಗೆ ಸಿಗುವ ವಾಲ್ವನ್ನಷ್ಟೇ ತಟ್ಟಿ, ಆಂಪ್ ಬಿಚ್ಚಬೇಡಿ. ಒಳಗೆ ನೂರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಕಾಲ ಉಳಿದಿರುತ್ತದೆ.

ಇನ್ನೆರಡು ಸದ್ದುಗಳನ್ನು ಇಲ್ಲಿಯೇ ಬದಿಗಿಡೋಣ. ಸಿಂಗಲ್ ಕಾಯಿಲ್‌ನ (ಒಂದೇ ಸುರುಳಿಯ ಪಿಕಪ್ಪಿನ) ಗುಂಯ್ ಎನ್ನುವ ಹಮ್ ವಿದ್ಯುತ್ ಜಾಲದಿಂದ ಬರುವುದು. ಗಿಟಾರನ್ನು ಹಿಡಿದು ಬೇರೆ ದಿಕ್ಕಿಗೆ ತಿರುಗಿದರೆ ಕಡಿಮೆಯಾಗುತ್ತದೆ. ಟೊಳ್ಳು ಒಡಲಿನ ಗಿಟಾರ್ ಮಂದ್ರದಲ್ಲಿ ಗುಡುಗಿದರೆ ಅದು ಮೇಲ್ಹಲಗೆಯ ಕಂಪನ. ಎರಡಕ್ಕೂ ಮೇಣ ಮದ್ದಲ್ಲ. ಹಮ್ ಹೋಗಲೆಂದು ಮೇಣ ಹಾಕಿಸಿಕೊಂಡು, ಹೋಗಲಿಲ್ಲವೆಂದು ಮುನಿಸಿಕೊಂಡವರನ್ನೂ ಕಂಡಿದ್ದೇನೆ.

ಬೆರಳ ತುದಿಯ ಪರೀಕ್ಷೆ

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಇದಕ್ಕೆ ಉಪಕರಣವೇನೂ ಬೇಡ. ಪಕ್ಕದಲ್ಲಿ ಇನ್ನೊಬ್ಬರಿದ್ದು ತಂತಿಗಳನ್ನು ಅದುಮಿ ಹಿಡಿದರೆ ಸುಲಭ. ಇಲ್ಲದಿದ್ದರೆ ತಂತಿಗಳ ಕೆಳಗೆ ಒಂದು ಮಡಿಸಿದ ಬಟ್ಟೆ ತುರುಕಿ. ಆಂಪ್‌ನ ಎದುರು ಗಿಟಾರನ್ನು ಹಿಡಿದು, ಚೀರು ಆಗಷ್ಟೇ ಹುಟ್ಟುವಷ್ಟು ಮಟ್ಟಕ್ಕೆ ಗೇನ್ ತನ್ನಿ. ಪೂರ್ತಿ ಗದ್ದಲ ಬೇಡ, ಈಗಲೋ ಆಗಲೋ ಎನ್ನುವ ಅಂಚಿನಲ್ಲಿ ನಿಲ್ಲಿಸಿ. ಆ ಅಂಚಿನಲ್ಲಿ ಸಣ್ಣ ಬದಲಾವಣೆಯೂ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಕಿವಿಗೆ ರಕ್ಷಣೆಯೂ ಇರಲಿ.

ಸ್ವಿಚ್ಚನ್ನು ಒಂದೊಂದು ಪಿಕಪ್ಪಿಗೆ ತಿರುಗಿಸಿ ಯಾವುದು ಚೀರುತ್ತದೆಂದು ಗುರುತಿಸಿಕೊಳ್ಳಿ. ಹೆಚ್ಚಾಗಿ ಅದು ಬ್ರಿಡ್ಜಿನ (ಒಡಲಿನ ಮೇಲೆ ತಂತಿಗಳು ಊರಿ ನಿಲ್ಲುವ ಭಾಗದ) ಪಕ್ಕದ್ದೇ ಆಗಿರುತ್ತದೆ. ಈಗ ಆ ಪಿಕಪ್ಪಿನ ಮೇಲೆ ಬೆರಳ ತುದಿ ಇಡಿ. ಒತ್ತಬೇಡಿ, ಸುಮ್ಮನೆ ಇಡಿ. ಲೋಹದ ಕವರಿನ ನಡುಮಧ್ಯೆ ಬೆರಳು ತಾಗಿದೊಡನೆ ಚೀರು ಸತ್ತರೆ, ಅಥವಾ ಅದರ ಸ್ಥಾಯಿ ಜಾರಿದರೆ, ಕಂಪಿಸುತ್ತಿರುವುದು ಕವರ್. ಅದು ಬಾಬಿನ್ನಿನ (ಸುರುಳಿ ಸುತ್ತಿರುವ ಚೌಕಟ್ಟಿನ) ಮೇಲೆ ಒಂದು ಕೂದಲೆಳೆಯಷ್ಟು ಅಂತರ ಬಿಟ್ಟು ಕುಳಿತಿದೆ, ಡೋಲಿನ ಚರ್ಮದ ಹಾಗೆ ಅದುರುತ್ತಿದೆ. ಕವರ್ ಮುಟ್ಟಿದಾಗ ಏನೂ ಆಗದೆ, ಇಡೀ ಪಿಕಪ್ಪನ್ನು ಒಡಲಿನ ಕಡೆಗೆ ಒತ್ತಿದಾಗ ಮಾತ್ರ ನಿಂತರೆ, ಅನುಮಾನಿಸಬೇಕಾದ್ದು ಎತ್ತರದ ಸ್ಕ್ರೂಗಳ ಸುತ್ತಲಿನ ಸ್ಪ್ರಿಂಗುಗಳನ್ನು. ಟೆಲಿಕಾಸ್ಟರ್ ಮಾದರಿಯ ಗಿಟಾರಿನಲ್ಲಿ ಇನ್ನೂ ಎರಡು ಜಾಗಗಳಿವೆ: ಬ್ರಿಡ್ಜಿನ ತಗಡನ್ನೇ ಅದುಮಿ ನೋಡಿ, ಅದರ ಮುಂದಿನ ಅಂಚು ಮರಕ್ಕೆ ಸರಿಯಾಗಿ ಕೂರದೆ ಎದ್ದಿರಬಹುದು, ಇನ್ನೊಂದು, ಪಿಕಪ್ಪಿನ ತಳಕ್ಕೆ ಅಂಟಿಸಿರುವ ಲೋಹದ ತಗಡು. ಈ ತಳದ ತಗಡು ಕಾಲ ಕಳೆದಂತೆ ಬಿಟ್ಟುಕೊಂಡು ತನ್ನ ಪಾಡಿಗೆ ತಾನು ಹಾಡತೊಡಗುತ್ತದೆ.

ಎಲ್ಲಿ ಮುಟ್ಟಿದರೂ ಏನೂ ಬದಲಾಗದಿದ್ದರೆ, ಆಗ ಮಾತ್ರ ಅನುಮಾನ ಸುರುಳಿಯೊಳಕ್ಕೆ ಹೋಗಬೇಕು. ಅದನ್ನು ದೃಢಪಡಿಸಿಕೊಳ್ಳಲು ಪ್ಲಾಸ್ಟಿಕ್ ಕಡ್ಡಿಯಿಂದ ಬಾಬಿನ್ನಿನ ಪಕ್ಕವನ್ನು ತಟ್ಟಿ. ಸ್ಪೀಕರಿನಲ್ಲಿ ಮಂದವಾದ 'ಟಪ್' ಬಂದರೆ ಸಹಜ. ಮೈಕಿನ ಮೇಲೆ ಉಗುರಿನಿಂದ ಕೆರೆದ ಹಾಗೆ ಗಟ್ಟಿಯಾಗಿ, ಹರಿತವಾಗಿ ಬಂದರೆ ಸುರುಳಿ ಸಡಿಲವಿದೆ. ಸ್ಕ್ರೂಡ್ರೈವರಿನಿಂದ ತಟ್ಟಬೇಡಿ. ಕಬ್ಬಿಣ ಹತ್ತಿರ ಬಂದರೆ ಅಯಸ್ಕಾಂತ ಕ್ಷೇತ್ರವೇ ಕದಡಿ ಎಂಥ ಒಳ್ಳೆಯ ಪಿಕಪ್ಪೂ ಠಪ್ಪೆನ್ನುತ್ತದೆ. ಆ ಠಪ್ಪು ಕೇಳಿಯೇ ಎಷ್ಟೋ ಪಿಕಪ್ಪುಗಳಿಗೆ ವೃಥಾ ಅಪವಾದ ಬಂದಿದೆ.

ಪಿಕಪ್ಪಿನ ಹತ್ತಿರ ಬಾಯಿಟ್ಟು ಮಾತನಾಡಿದರೆ ಆಂಪ್‌ನಲ್ಲಿ ಸಣ್ಣಗೆ ಕೇಳಿಸುತ್ತದೆ ಎಂದು ಗಾಬರಿಯಾಗುವವರಿದ್ದಾರೆ. ಮೇಣವಿಲ್ಲದ ಪಿಕಪ್ಪಿನಲ್ಲಿ ಅದು ಇದ್ದದ್ದೇ. ನೀವು ನುಡಿಸುವ ಮಟ್ಟದಲ್ಲಿ ಅದು ಚೀರದಿದ್ದರೆ ದೋಷವೆಂದು ಕರೆಯುವ ಅಗತ್ಯವಿಲ್ಲ.

ಸುರುಳಿ ಹಾಡುವುದು ಹೇಗೆ

ಪಿಕಪ್ಪಿನೊಳಗಿನ ತಾಮ್ರದ ಎಳೆ ತಲೆಗೂದಲಿನಷ್ಟು ತೆಳ್ಳಗೆ. 42 ಗೇಜಿನದ್ದಾದರೆ ಸುಮಾರು 0.063 ಮಿಲಿಮೀಟರ್. ಸ್ಟ್ರಾಟೋಕಾಸ್ಟರ್ ಮಾದರಿಯ ಸಿಂಗಲ್ ಕಾಯಿಲ್‌ನಲ್ಲಿ ಸುಮಾರು ಎಂಟು ಸಾವಿರ ಸುತ್ತು, ಹಳೆಯ ಮಾದರಿಯ ಹಂಬಕರಿನ (ಹಮ್ ಅಳಿಸುವ ಜೋಡಿ ಸುರುಳಿಯ ಪಿಕಪ್ಪಿನ) ಒಂದೊಂದು ಬಾಬಿನ್ನಿನಲ್ಲಿ ಸುಮಾರು ಐದು ಸಾವಿರ. ಅಷ್ಟು ಸುತ್ತುಗಳಲ್ಲಿ ಎಲ್ಲವೂ ಒಂದೇ ಬಿಗಿಯಲ್ಲಿ ಕೂರುವುದಿಲ್ಲ. ಎಲ್ಲೋ ಸಡಿಲ, ಎಲ್ಲೋ ಗಾಳಿಯ ಸಂದು. ತಂತಿ ಕಂಪಿಸಿ ಕ್ಷೇತ್ರ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದಷ್ಟೆ? ತಂತಿ ಸುಮ್ಮನಿದ್ದು ಸುರುಳಿಯೇ ಕ್ಷೇತ್ರದಲ್ಲಿ ಅಲುಗಿದರೂ ಹಾಗೆಯೇ ಹುಟ್ಟುತ್ತದೆ. ಸ್ಪೀಕರಿನ ಗಾಳಿ ಸಡಿಲ ಸುತ್ತುಗಳನ್ನು ಅಲುಗಿಸುತ್ತದೆ, ಆ ಅಲುಗಾಟ ಆಂಪ್‌ನಲ್ಲಿ ಹಿಗ್ಗಿ ಮತ್ತೆ ಸ್ಪೀಕರಿಗೆ ಬರುತ್ತದೆ, ಸ್ಪೀಕರ್ ಮತ್ತೆ ಅಲುಗಿಸುತ್ತದೆ. ಮೇಣ ಆ ಸಂದುಗಳನ್ನು ತುಂಬಿ, ಸುತ್ತುಗಳು ಒಂದಕ್ಕೊಂದು ಅಂಟಿ ನಿಲ್ಲುವಂತೆ ಮಾಡುತ್ತದೆ.

ಎಂಜಿನಿಯರ್ ಸೆತ್ ಲವರ್ ಗಿಬ್ಸನ್ ಗಿಟಾರ್ ಕಂಪನಿಗಾಗಿ ರೂಪಿಸಿದ ಹಂಬಕರಿಗೆ 1955ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ಆ ಕಾಲದ ಪಿಕಪ್ಪುಗಳ ತಳದಲ್ಲಿ 'ಪೇಟೆಂಟ್ ಅಪ್ಲೈಡ್ ಫಾರ್' ಎಂಬ ಚೀಟಿ ಅಂಟಿರುತ್ತಿತ್ತು. ಪಿಎಎಫ್ ಎಂಬ ಹೆಸರು ಬಂದದ್ದು ಅಲ್ಲಿಂದ. ಅವುಗಳಿಗೆ ಮೇಣ ಹಾಕುತ್ತಿರಲಿಲ್ಲ. ಆ ದಿನಗಳ ಆಂಪ್‌ಗಳ ಮುಂದೆ, ಶುದ್ಧ ದನಿಯಲ್ಲಿ ನುಡಿಸುವವರಿಗೆ ಅದರ ಅಗತ್ಯ ಕಾಣಲಿಲ್ಲ. ಗೇನ್ ಏರಿದ ಮೇಲೆಯೇ ತೊಂದರೆ ಶುರುವಾದದ್ದು. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲೆನ್ ತನ್ನ ಗಿಟಾರಿನ ಪಿಕಪ್ಪನ್ನು ಕರಗಿದ ಮೇಣದಲ್ಲಿ ಅದ್ದಿದ್ದು ಇದೇ ಚೀರಾಟದ ಕಾಟಕ್ಕೆ.

ಮೇಣಕ್ಕಿಂತ ಮೊದಲು

ಸ್ಪ್ರಿಂಗ್ ತಪ್ಪಿತಸ್ಥನಾದರೆ ಅದನ್ನು ತೆಗೆದು, ಸ್ಕ್ರೂವಿನ ಸುತ್ತ ಮೆತ್ತನೆಯ ರಬ್ಬರ್ ಕೊಳವೆಯ ತುಂಡು ಹಾಕಿ. ಪಿಕಪ್ಪಿನ ತಳದಲ್ಲಿ, ಒಡಲಿನ ಗುಳಿಯೊಳಗೆ, ಗಟ್ಟಿ ಫೋಮಿನ ಚೂರು ಇಟ್ಟರೆ ಇನ್ನೂ ಒಳ್ಳೆಯದು. ಬ್ರಿಡ್ಜಿನ ತಗಡು ಎದ್ದಿದ್ದರೆ ಅದನ್ನು ಕೂರಿಸಿ.

ಕವರ್ ತಪ್ಪಿತಸ್ಥನಾದರೆ ಎರಡು ದಾರಿ. ಬೆಸುಗೆ ಬಿಡಿಸಿ ಕವರನ್ನೇ ತೆಗೆದುಬಿಡುವುದು ಒಂದು; ಅರವತ್ತರ ದಶಕದಿಂದಲೂ ನುಡಿಸುವವರು ಮಾಡಿಕೊಂಡು ಬಂದ ಕೆಲಸ. ಇನ್ನೊಂದು, ಕವರಿನ ಒಳಮೇಲ್ಮೈಗೆ ತೆಳುವಾಗಿ ಮೇಣ ಬಿಟ್ಟು, ಅದು ಬಿಸಿ ಇರುವಾಗಲೇ ಬಾಬಿನ್ನುಗಳನ್ನು ಒತ್ತಿ ಕೂರಿಸಿ, ತಣಿಯುವ ತನಕ ಕ್ಲಾಂಪಿನಲ್ಲಿ ಹಿಡಿದಿಡುವುದು. ಸುರುಳಿಗೆ ಮೇಣ ಹೋಗುವುದಿಲ್ಲ, ಕವರಿನ ಬಾಯಿ ಮುಚ್ಚುತ್ತದೆ. ಹಳೆಯ, ಬೆಲೆಬಾಳುವ ಪಿಕಪ್ಪಿಗೆ ನಾನು ಮಾಡಲು ಒಪ್ಪುವುದು ಇಷ್ಟನ್ನೇ. ಅಂಥವುಗಳ ಸುರುಳಿಗೆ ಮೇಣ ಕುಡಿಸಿದರೆ ಸಂಗ್ರಾಹಕರ ಕಣ್ಣಿನಲ್ಲಿ ಬೆಲೆ ಇಳಿಯುತ್ತದೆ. ಕೂದಲೆಳೆಯಷ್ಟು ತೆಳ್ಳಗಿನ ತುದಿಗಳು ಆ ವಯಸ್ಸಿನಲ್ಲಿ ಕೈ ತಾಗಿದರೂ ತುಂಡಾಗಬಹುದು.

ಹೊಸದಾಗಿ ಕೊಳ್ಳುವವರಿಗೆ

ಮೇಣವಿಲ್ಲದ ಪಿಕಪ್ಪಿಗೆ 'ಉಸಿರಾಟ' ಇದೆ, ಮೇಣ ಕುಡಿದದ್ದು 'ಸತ್ತ ದನಿ' ಎಂದು ಮಾರುವವರು ಹೇಳುತ್ತಾರೆ. ಅದರಲ್ಲಿ ಸತ್ಯ ಎಷ್ಟು? ಭೌತವಾಗಿ ಎರಡು ಬದಲಾವಣೆಗಳಿವೆ. ಗಾಳಿಯಿದ್ದ ಜಾಗದಲ್ಲಿ ಮೇಣ ತುಂಬಿದಾಗ ಸುರುಳಿಯ ಕೆಪಾಸಿಟೆನ್ಸ್ ತುಸು ಏರಿ, ಅನುರಣನದ ಶಿಖರ ತುಸು ಕೆಳಗಿಳಿಯುತ್ತದೆ. ಆದರೆ ಗಿಟಾರ್ ಕೇಬಲ್ಲಿಗೇ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಇರುತ್ತದೆ. ಮೂರು ಮೀಟರಿನ ಕೇಬಲ್ ಬಿಟ್ಟು ಆರು ಮೀಟರಿನದ್ದನ್ನು ಚುಚ್ಚಿದವರು ಮೇಣಕ್ಕಿಂತ ದೊಡ್ಡ ಬದಲಾವಣೆಯನ್ನು ತಾವೇ ಮಾಡಿಕೊಂಡಿರುತ್ತಾರೆ. ಎರಡನೆಯದು ನಿಜವಾದ ವ್ಯತ್ಯಾಸ: ಪ್ಲೆಕ್ಟ್ರಮ್ ತಂತಿಗೆ ತಾಗುವ ಚಿಟಿಕೆ ಸದ್ದು, ಒಡಲಿನ ಮೇಲೆ ಬೆರಳು ತಾಕಿದ ಸದ್ದು, ಮೇಣವಿಲ್ಲದ ಪಿಕಪ್ಪಿನಲ್ಲಿ ಹೆಚ್ಚು ಕೇಳಿಸುತ್ತದೆ. ಶುದ್ಧ ದನಿಯಲ್ಲಿ ಮೆಲ್ಲನೆ ನುಡಿಸುವಾಗ ನನಗೂ ಅದು ಹಿತ. ಡಿಸ್ಟಾರ್ಷನ್ ಹಾಕಿದ ಮೇಲೆ ಕಣ್ಣು ಮುಚ್ಚಿಸಿ ಕೇಳಿಸಿದರೆ ಯಾವುದು ಯಾವುದೆಂದು ನಾನು ಹೇಳಲಾರೆ.

ಹಾಗಾಗಿ ಆಯ್ಕೆಯನ್ನು ಕಿವಿಗಿಂತ ಮೊದಲು ನೀವು ನಿಲ್ಲುವ ಜಾಗಕ್ಕೆ ಬಿಡಿ. ಹೆಡ್‌ಫೋನಿನಲ್ಲಿ ನುಡಿಸುವವರಿಗೆ, ಆಂಪನ್ನು ಬೇರೆ ಕೋಣೆಯಲ್ಲಿಟ್ಟು ರೆಕಾರ್ಡ್ ಮಾಡುವವರಿಗೆ ಸ್ಪೀಕರಿನಿಂದ ಪಿಕಪ್ಪಿಗೆ ದಾರಿಯೇ ಇಲ್ಲ. ಮೇಣವಿಲ್ಲದ್ದು ಅವರಿಗೆ ಯಾವ ತೊಂದರೆಯನ್ನೂ ಕೊಡದು. ದೊಡ್ಡ ಸದ್ದಿನ ಆಂಪ್‌ಗೆ ಎರಡು ಹೆಜ್ಜೆ ದೂರದಲ್ಲಿ ಹೆಚ್ಚು ಗೇನ್‌ನಲ್ಲಿ ನಿಲ್ಲುವವರು ಮೇಣ ಕುಡಿದದ್ದನ್ನೇ ಕೊಳ್ಳಲಿ, ಕಡೇಪಕ್ಷ ಬ್ರಿಡ್ಜಿನ ಜಾಗಕ್ಕೆ. ಗೇನ್ ಏರಿಸಿದಾಗ ಎಲ್ಲರೂ ಓಡುವುದು ಬ್ರಿಡ್ಜ್ ಪಿಕಪ್ಪಿಗೆ, ನೆಕ್ ಪಿಕಪ್ಪನ್ನು ಮೃದುವಾದ ನುಡಿಸುವಿಕೆಗೆ ಇಟ್ಟುಕೊಳ್ಳುತ್ತಾರೆ. ಬ್ರಿಡ್ಜಿಗೆ ಮೇಣ ಹಾಕಿದ್ದು, ನೆಕ್‌ಗೆ ಹಾಕದ್ದು ಎಂಬ ಜೋಡಿಯನ್ನು ನಾನು ಹಲವರಿಗೆ ಸೂಚಿಸಿದ್ದೇನೆ.

ನಿರ್ಧಾರ ಮಾಡಲಾಗದಿದ್ದರೆ ಮೇಣವಿಲ್ಲದ್ದನ್ನು ಕೊಳ್ಳಿ. ಚೀರಿದರೆ ಆಮೇಲೆ ಹಾಕಬಹುದು. ಹಾಕಿದ್ದನ್ನು ತೆಗೆಯುವುದೇ ಕಷ್ಟ. ತಯಾರಕರ ಖಾತರಿ ಆಗ ಉಳಿಯುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಮೊದಲೇ ಓದಿಕೊಳ್ಳಿ. ಎಪಾಕ್ಸಿ ತುಂಬಿದ ಪಿಕಪ್ಪುಗಳ ಮಾತು ಬೇರೆ. ಅವು ಚೀರುವುದು ತೀರಾ ಅಪರೂಪ, ಆದರೆ ಒಳಗೆ ಎಳೆ ಕಡಿದರೆ ಮತ್ತೆ ಸುತ್ತುವ ಮಾತೇ ಇಲ್ಲ, ಬಿಸಾಡಬೇಕು.

ಕುಡಿಸಲೇಬೇಕಾದರೆ

ನನ್ನ ಮೊದಲ ಪ್ರಯತ್ನವನ್ನು ಹೇಳಿಬಿಡುತ್ತೇನೆ, ನಿಮ್ಮದು ಹಾಗಾಗದಿರಲಿ. ಪಾತ್ರೆಯನ್ನು ನೇರವಾಗಿ ಒಲೆಯ ಮೇಲಿಟ್ಟು, ಉಷ್ಣಮಾಪಕವಿಲ್ಲದೆ, ಮೇಣ ಕರಗಿದ್ದೇ ಸಾಕೆಂದು ಪಿಕಪ್ಪನ್ನು ಒಳಗೆ ಬಿಟ್ಟೆ. ಅದು ತಳಕ್ಕೆ ಹೋಗಿ ಕುಳಿತಿತು. ಹತ್ತು ನಿಮಿಷದ ನಂತರ ಎತ್ತಿದಾಗ ಬಾಬಿನ್ನಿನ ನಡು ಬಾಳೆಹಣ್ಣಿನ ಹಾಗೆ ಬಾಗಿತ್ತು, ಕವರ್ ಮತ್ತೆ ಅದರ ಮೇಲೆ ಕೂರಲಿಲ್ಲ. ಪಾತ್ರೆಯ ತಳವೇ ಎಲ್ಲಕ್ಕಿಂತ ಬಿಸಿಯಾದ ಜಾಗ ಎಂಬುದು ಆಮೇಲೆ ಹೊಳೆಯಿತು.

ಪ್ಯಾರಾಫಿನ್ ನಾಲ್ಕು ಪಾಲು, ಜೇನುಮೇಣ ಒಂದು ಪಾಲು. ಬರೀ ಪ್ಯಾರಾಫಿನ್ ತಣಿದಾಗ ಗಡುಸಾಗಿ ಬಿರುಕು ಬಿಡುತ್ತದೆ, ಜೇನುಮೇಣ ಅದಕ್ಕೆ ತುಸು ಮೃದುತನ ಕೊಡುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಮೇಣದ ಸಣ್ಣ ಪಾತ್ರೆ, ಕೆಳಗೆ ವಿದ್ಯುತ್ ಒಲೆ. ಬೆಂಕಿಯ ಜ್ವಾಲೆ ಬೇಡ. ಮೇಣ ಹೊತ್ತಿಕೊಂಡರೆ ನೀರು ಸುರಿಯದೆ ಮುಚ್ಚಳ ಮುಚ್ಚಿ ಆರಿಸಬೇಕು. ಮುಚ್ಚಳ ಕೈಗೆಟಕುವಲ್ಲಿರಲಿ. ಉಷ್ಣತೆ 65 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. 70 ದಾಟಿದರೆ ಪ್ಲಾಸ್ಟಿಕ್ ಬಾಬಿನ್ನಿನ ಮೇಲಿನ ಭರವಸೆ ಬಿಡಿ. ಅಯಸ್ಕಾಂತದ ಶಕ್ತಿ ಕುಂದೀತೆಂಬ ಭಯ ಮಾತ್ರ ಬೇಡ, ಆಲ್ನಿಕೋ ಅಯಸ್ಕಾಂತಕ್ಕೆ ಈ ಬಿಸಿ ಲೆಕ್ಕಕ್ಕೇ ಇಲ್ಲ.

ಅದ್ದುವ ಮುನ್ನ ಮಲ್ಟಿಮೀಟರಿನಲ್ಲಿ ಸುರುಳಿಯ ರೋಧ ಅಳೆದು ಬರೆದಿಟ್ಟುಕೊಳ್ಳಿ. ಪಿಕಪ್ಪನ್ನು ಅದರ ಕೇಬಲ್ಲಿನಿಂದಲ್ಲ, ಬೇರೆ ದಾರದಿಂದ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ತೂಗುಬಿಡಿ. ಸುತ್ತಿನ ಟೇಪಿನ ಅಂಚಿನಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ಒಳಗಿನ ಗಾಳಿ ಹೊರಬರುತ್ತಿದೆ, ಮೇಣ ಒಳಗಿಳಿಯುತ್ತಿದೆ. ಮೊದಲು ಧಾರೆ, ಆಮೇಲೆ ಬಿಟ್ಟು ಬಿಟ್ಟು ಒಂದೊಂದು, ಕೊನೆಗೆ ನಿಲ್ಲುತ್ತದೆ. ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ನಿಮಿಷ. 'ಅರೆಮೇಣ' ಬೇಕೆನ್ನುವವರು ಒಂದೆರಡು ನಿಮಿಷಕ್ಕೇ ಎತ್ತುತ್ತಾರೆ. ಹೊರಸುತ್ತುಗಳು ಹಿಡಿದುಕೊಳ್ಳುತ್ತವೆ, ಒಳಸುತ್ತುಗಳು ಹಾಗೆಯೇ ಇರುತ್ತವೆ. ಹಲವು ಸಲ ಅಷ್ಟೇ ಸಾಕಾಗುತ್ತದೆ. ಎತ್ತಿದ ಮೇಲೆ ಬಿಸಿ ಇರುವಾಗಲೇ ಮೇಲ್ಭಾಗವನ್ನು ಬಟ್ಟೆಯಿಂದ ಒರೆಸಿ, ಪೂರ್ತಿ ತಣಿಯುವ ತನಕ ಅಲುಗಿಸದೆ ಬಿಡಿ. ಅವಸರಕ್ಕೆ ಫ್ರಿಜ್ಜಿನಲ್ಲಿಡಬೇಡಿ.

ಇಲ್ಲಿ ಒಂದು ಗಾಬರಿ ಕಾದಿರುತ್ತದೆ. ಎತ್ತಿದೊಡನೆ ರೋಧ ಅಳೆದರೆ, 25 ಡಿಗ್ರಿಯಲ್ಲಿ 8 ಕಿಲೋಓಮ್ ಇದ್ದ ಪಿಕಪ್ 9.2 ತೋರಿಸುತ್ತದೆ. ಏನೂ ಕೆಟ್ಟಿಲ್ಲ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡದಷ್ಟು ಏರುತ್ತದೆ, ನಲವತ್ತು ಡಿಗ್ರಿ ಏರಿದ್ದಕ್ಕೆ ಅದೇ ಲೆಕ್ಕ. ತಣಿದ ಮೇಲೆ ಹಳೆಯ ಅಂಕಿಗೆ ಮರಳುತ್ತದೆ. ಮೀಟರ್ ಅನಂತವೆಂದು ತೋರಿಸಿದರೆ ಮಾತ್ರ ಎಳೆ ಕಡಿದಿದೆ ಎಂದರ್ಥ. ಹೆಚ್ಚಾಗಿ ಅದು ಸುರುಳಿಯ ತುದಿ ಹೊರಗಿನ ವೈರಿಗೆ ಬೆಸೆದುಕೊಂಡ ಜಾಗದಲ್ಲೇ ಆಗಿರುತ್ತದೆ.

ಮೇಣದ ಬದಲು ವಾರ್ನಿಷ್, ಲ್ಯಾಕರ್, ತೆಳು ಸೂಪರ್ ಗ್ಲೂ ಎಂದು ಕೇಳುತ್ತಾರೆ. ಕೆಲವು ದ್ರಾವಕಗಳು ಎಳೆಯ ಮೇಲಿನ ನಿರೋಧಕ ಲೇಪವನ್ನೇ ಕರಗಿಸಬಲ್ಲವು, ಅಂಟು ಹಾಕಿದ ಸುರುಳಿಯನ್ನು ರಿಪೇರಿಗೆ ಬಿಚ್ಚಲಾಗದು. ನಾನು ಮುಟ್ಟುವುದಿಲ್ಲ.

ಹಾಕಿದ ಮೇಲೂ ಚೀರಿದರೆ

ಎರಡು ಸಲ ಮೇಣ ಕುಡಿದು ಬಂದ ಹಂಬಕರೊಂದು ಹೋದ ವರ್ಷ ನನ್ನ ಮೇಜಿನ ಮೇಲಿತ್ತು. ಗಿಟಾರಿನ ಒಡೆಯರು ಮೂರನೆಯ ಸಲ ಹಾಕಿಸಲು ತಂದಿದ್ದರು. ಪಿಕಪ್ಪನ್ನು ಬಿಚ್ಚಿ ಹೊರತೆಗೆದು, ವೈರುಗಳನ್ನು ಹಾಗೆಯೇ ಬಿಟ್ಟು, ಫೋಮಿನ ಮೇಲೆ ಮಲಗಿಸಿ ಆಂಪ್‌ನ ಮುಂದೆ ಹಿಡಿದೆ. ಗೇನ್ ಪೂರ್ತಿ ಏರಿಸಿದರೂ ಕಮಕ್ ಕಿಮಕ್ ಎನ್ನಲಿಲ್ಲ. ಗಿಟಾರಿನೊಳಗೆ ಕೂರಿಸಿದೊಡನೆ ಚೀರಿತು. ನಡುವೆ ಬದಲಾದದ್ದು ಎರಡು ಸ್ಕ್ರೂ, ಎರಡು ಸ್ಪ್ರಿಂಗ್. ಪಿಕಪ್ಪನ್ನು ತಂತಿಗಳಿಂದ ದೂರಕ್ಕೆ ಬಹಳ ಕೆಳಗಿಳಿಸಿದ್ದರಿಂದ ಒಂದು ಕಡೆಯ ಸ್ಪ್ರಿಂಗಿನಲ್ಲಿ ಬಿಗಿಯೇ ಉಳಿದಿರಲಿಲ್ಲ, ಬೆರಳಿನಿಂದ ತಳ್ಳಿದರೆ ಸ್ಕ್ರೂವಿನ ಮೇಲೆ ಗಿರ್ರನೆ ತಿರುಗುತ್ತಿತ್ತು. ಅರ್ಧ ಇಂಚಿನ ರಬ್ಬರ್ ಕೊಳವೆ ಎರಡು ತುಂಡು ಕತ್ತರಿಸಿ ಹಾಕಿ, ಪಿಕಪ್ಪನ್ನು ಒಂದು ಸುತ್ತು ಮೇಲೇರಿಸಿ ಕಳಿಸಿದೆ. ಮೇಣದ ಪಾತ್ರೆಯನ್ನು ಅಂದು ಕಪಾಟಿನಿಂದ ತೆಗೆಯಲೇ ಇಲ್ಲ.